ದೆವ್ವಕ್ಕೆ ಖರ್ಚು ಕಡಿಮೆ, ಊರು ಮಾತ್ರ ಗಟ್ಟಿಯಿರಬೇಕು

2025ರ ಜುಲೈ 25ಕ್ಕೆ ಕನ್ನಡದ ಹಾರರ್ ಕಾಮಿಡಿ ‘ಸು ಫ್ರಮ್ ಸೋ’ ಬಿಡುಗಡೆಯಾದಾಗ ಪೋಸ್ಟರ್‌ನಲ್ಲಿ ದೊಡ್ಡ ಸ್ಟಾರ್ ಇರಲಿಲ್ಲ. ಜೆ.ಪಿ. ತುಮಿನಾಡು ಅವರಿಗೆ ನಿರ್ದೇಶಕರಾಗಿ ಅದು ಮೊದಲ ಕನ್ನಡ ಸಿನಿಮಾ. ಮುಖ್ಯ ಪಾತ್ರವೂ ಅವರದ್ದೇ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಒಬ್ಬ ಗುರೂಜಿಯ ಪಾತ್ರ ಮಾಡಿದ್ದರು. ಉಳಿದವರಲ್ಲಿ ಹೆಚ್ಚಿನವರು ಕರಾವಳಿಯ ನಾಟಕ, ತುಳು ಸಿನಿಮಾ ನೋಡುವವರಿಗೆ ಮಾತ್ರ ಗೊತ್ತಿದ್ದ ಮುಖಗಳು. ಐದಾರು ಕೋಟಿಯಲ್ಲಿ ಮುಗಿದ ಸಿನಿಮಾ ಎಂದು ವರದಿಗಳು ಹೇಳಿದವು. ಗಳಿಕೆ 100 ಕೋಟಿ ದಾಟಿತು. ಕೆಲವೇ ದಿನಗಳಲ್ಲಿ ಮಲಯಾಳಂ, ತೆಲುಗಿಗೂ ಹೋಯಿತು.

ಇದನ್ನು ಅದೃಷ್ಟ ಅಂತ ಹೇಳಿ ಸುಮ್ಮನಾಗಬಹುದಿತ್ತು, ಇದೊಂದೇ ಆಗಿದ್ದರೆ. ಆದರೆ 2023ರಲ್ಲಿ ಮಲಯಾಳಂನ ‘ರೋಮಾಂಚಂ’ ಇದೇ ಥರ ಸಣ್ಣ ಬಜೆಟ್‌ನಲ್ಲಿ ಬಂದು ಬಾಕ್ಸ್ ಆಫೀಸ್ ಅಲ್ಲಾಡಿಸಿತ್ತು. ಅದಕ್ಕೂ ಮುಂಚೆ 2018ರಲ್ಲಿ ಹಿಂದಿಯ ‘ಸ್ತ್ರೀ’. ಅದೇ ವರ್ಷ ಜಪಾನಿನಲ್ಲಿ ‘ಒನ್ ಕಟ್ ಆಫ್ ದಿ ಡೆಡ್’. ಭಾಷೆ ಬೇರೆ, ದೇಶ ಬೇರೆ, ದೆವ್ವಗಳೂ ಬೇರೆ ಬೇರೆ. ಆದರೂ ದುಡ್ಡಿಲ್ಲದ ಹಾರರ್ ಕಾಮಿಡಿಗೆ ಜನ ಮತ್ತೆ ಮತ್ತೆ ಮುಗಿಬೀಳುತ್ತಾರೆ. ಯಾಕೆ?

ನನಗೆ ಕಾಣುವ ಕಾರಣ ಒಂದೇ. ಈ ಸಿನಿಮಾಗಳಲ್ಲಿ ದೆವ್ವ ಬರೀ ನೆಪ. ದೆವ್ವದ ಸುದ್ದಿ ಹಬ್ಬಿದಾಗ ಒಂದು ಊರಿನ ಜನ ಹೇಗೆ ಆಡುತ್ತಾರೆ ಅನ್ನೋದೇ ನಿಜವಾದ ಕಥೆ. ದುಡ್ಡು ಕಡಿಮೆ ಇದ್ದಾಗ ದೆವ್ವವನ್ನು ಜಾಸ್ತಿ ತೋರಿಸೋಕೆ ಆಗುವುದಿಲ್ಲ. ಹಾಗಾಗಿ ಕ್ಯಾಮೆರಾ ಜನರ ಕಡೆ ತಿರುಗಲೇಬೇಕಾಗುತ್ತದೆ. ಅಲ್ಲಿ ಗಟ್ಟಿ ಜನ ಸಿಕ್ಕರೆ ಸಿನಿಮಾ ಗೆದ್ದಂತೆ.

ಮೊದಲು ಮೈಯ ಲೆಕ್ಕ ನೋಡೋಣ. ಹೆದರಿದಾಗ ಎದೆ ಬಡಿತ ಏರುತ್ತದೆ, ಉಸಿರು ಬಿಗಿಯಾಗುತ್ತದೆ, ಅಂಗೈ ಬೆವರುತ್ತದೆ. ಹೆದರಿಕೆಯ ಕಾರಣ ಹೋದ ಕೂಡಲೇ ಇದೆಲ್ಲ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಮೈ ಹಾಗೇ ಕಾವಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಬೇರೊಂದು ಭಾವ ಬಂದರೆ ಈ ಕಾವು ಅದಕ್ಕೆ ಸೇರಿಕೊಂಡು ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. 1970ರ ದಶಕದಲ್ಲಿ ಡಾಲ್ಫ್ ಝಿಲ್ಮನ್ ಎಂಬ ಸಂಶೋಧಕ ಬೆಳೆಸಿದ ವಿಚಾರ ಇದು. ಹಾರರ್ ಕಾಮಿಡಿಯ ಕಸುಬೆಲ್ಲ ಇದರ ಮೇಲೇ ನಿಂತಿದೆ. ಕತ್ತಲ ಹಿತ್ತಲಲ್ಲಿ ಏನೋ ಸರಿದಾಡಿದಾಗ ಉಸಿರು ಬಿಗಿಹಿಡಿದು ಕೂತಿರುತ್ತೇವೆ. ಟಾರ್ಚ್ ಹಾಕಿದರೆ ಪಕ್ಕದ ಮನೆಯ ದನ. ಬೇರೆ ಹೊತ್ತಲ್ಲಿ ಇದಕ್ಕೆ ಒಂದು ಮುಗುಳ್ನಗೆ ಬಂದರೆ ಹೆಚ್ಚು. ಥಿಯೇಟರ್‌ನಲ್ಲಿ ಮಾತ್ರ ಇಡೀ ಹಾಲ್ ಬಿದ್ದು ಬಿದ್ದು ನಗುತ್ತದೆ.

ಈ ನಗುವಿಗೆ ಜೊತೆಗಾರರೂ ಬೇಕು. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಒಬ್ಬರೇ ಇರುವಾಗ ನಗುವುದಕ್ಕಿಂತ ನಾಲ್ಕು ಜನರ ಜೊತೆ ಇರುವಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅನ್ನುವುದು ಅವರು ಕಂಡುಕೊಂಡದ್ದು. ಹೆದರಿಕೆಯೂ ಹಾಗೇ, ಗುಂಪಿನಲ್ಲಿ ಹರಡುತ್ತದೆ. ಮೂರನೇ ಸಾಲಿನ ಹುಡುಗಿ ಕಿರುಚಿದರೆ ಏಳನೇ ಸಾಲಿನವರು ಬೆಚ್ಚುತ್ತಾರೆ. ಆಮೇಲೆ ಅವಳು ಕಿರುಚಿದ್ದಕ್ಕೇ ಎಲ್ಲರೂ ನಗುತ್ತಾರೆ. ಮನೆಯಲ್ಲಿ ಮೊಬೈಲ್ ಹಿಡಿದುಕೊಂಡು ನೋಡಿದರೆ ಇದರಲ್ಲಿ ಅರ್ಧವೂ ಸಿಗುವುದಿಲ್ಲ. ‘ಓಟಿಟಿಗೆ ಬಂದ ಮೇಲೆ ನೋಡೋಣ ಬಿಡು’ ಅನ್ನುವ ಈ ಕಾಲದಲ್ಲಿ ಜನರನ್ನು ಮನೆಯಿಂದ ಎಬ್ಬಿಸುವ ಸಿನಿಮಾ ಯಾವುದು ಅಂತ ಕೇಳಿದರೆ ಎರಡೇ ಉತ್ತರ. ಒಂದು, ಭಾರಿ ಖರ್ಚಿನ ಅಬ್ಬರದ ಸಿನಿಮಾ. ಇನ್ನೊಂದು, ಎಲ್ಲರ ಜೊತೆ ಕೂತು ನೋಡಿದರೆ ಮಾತ್ರ ಪೂರ್ತಿ ಸಿಗುವ ಸಿನಿಮಾ. ಎರಡನೆಯದಕ್ಕೆ 200 ಕೋಟಿ ಬೇಕಿಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದು ಅನ್ನುವುದೂ ದೊಡ್ಡ ವಿಷಯ. ರಕ್ತ, ಕ್ರೌರ್ಯ ತುಂಬಿದ ಹಾರರ್‌ಗೆ ‘ಎ’ ಸರ್ಟಿಫಿಕೇಟ್ ಬಿದ್ದರೆ ಮಕ್ಕಳಿಗೆ ಬಾಗಿಲು ಮುಚ್ಚಿದ ಹಾಗೆ. ಅಜ್ಜಿಯಂತೂ ಬರುವುದೇ ಇಲ್ಲ. ನಗು ಸೇರಿದರೆ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಒಂದೇ ಸಾಲಿನಲ್ಲಿ ಕೂರುತ್ತಾರೆ.

ಇನ್ನು ದುಡ್ಡಿನ ಮಾತು. ಬೇರೆ ಯಾವ ಬಗೆಯ ಸಿನಿಮಾದಲ್ಲೂ ಬಡತನ ಇಷ್ಟು ಕೆಲಸಕ್ಕೆ ಬರುವುದಿಲ್ಲ. ಕತ್ತಲೆಗೆ ಖರ್ಚಿಲ್ಲ. ಬಾಗಿಲ ಕಿರ್ ಸದ್ದು, ಬಾವಿಯ ರಾಟೆ, ಹೆಂಚಿನ ಮೇಲೆ ಏನೋ ಬಿದ್ದ ಸದ್ದು, ಇವೆಲ್ಲ ಒಳ್ಳೆಯ ಸೌಂಡ್ ಇಂಜಿನಿಯರ್ ಒಬ್ಬರಿದ್ದರೆ ಸಿಗುತ್ತವೆ. ಒಂದು ಹಳೇ ಮನೆ, ಒಂದು ಓಣಿ ಸಾಕು, ಯೂನಿಟ್ ಊರೂರು ಅಲೆಯಬೇಕಿಲ್ಲ. ಸ್ಟಾರ್ ಇಲ್ಲದಿರುವುದೇ ಇಲ್ಲಿ ಲಾಭ. ದೊಡ್ಡ ಹೀರೋ ಇದ್ದರೆ ಅವನಿಗೆ ಏನೂ ಆಗುವುದಿಲ್ಲ ಅಂತ ಮೊದಲೇ ಗೊತ್ತು. ಅವನು ಹೆದರಿ ಓಡಿದರೆ ಅಭಿಮಾನಿಗಳಿಗೂ ಬೇಜಾರು. ಗೊತ್ತಿಲ್ಲದ ಮುಖವಾದರೆ ಅವನು ಹೆದರಬಹುದು, ಅಳಬಹುದು, ಮಂಚದ ಕೆಳಗೆ ನುಸುಳಬಹುದು. ದೆವ್ವ ಅವನ ಮೈಮೇಲೂ ಬರಬಹುದು.

ಈ ದಾರಿ ಹಳೆಯದು. ಅಮೆರಿಕದಲ್ಲಿ ರೋಜರ್ ಕಾರ್ಮನ್ 1960ರಲ್ಲಿ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ನ ಬಹುಪಾಲನ್ನು ಎರಡೇ ದಿನದಲ್ಲಿ ಚಿತ್ರೀಕರಿಸಿದರು. ಸೆಟ್ ಕೂಡ ಬೇರೆ ಸಿನಿಮಾಕ್ಕೆ ಹಾಕಿ ಉಳಿದದ್ದು. ಸ್ಯಾಮ್ ರೈಮಿ ಮತ್ತು ಗೆಳೆಯರು ಟೆನೆಸ್ಸಿಯ ಕಾಡಿನ ಒಂದು ಪಾಳುಮನೆಯಲ್ಲಿ ‘ದಿ ಈವಿಲ್ ಡೆಡ್’ ಮಾಡಿದಾಗ ಕ್ಯಾಮೆರಾ ಓಡಿಸುವ ಉಪಕರಣಕ್ಕೆ ದುಡ್ಡಿರಲಿಲ್ಲ. ಕ್ಯಾಮೆರಾವನ್ನು ಉದ್ದನೆಯ ಮರದ ಹಲಗೆಯ ನಡುವೆ ಬಿಗಿದರು. ಆ ಕಡೆ ಒಬ್ಬ, ಈ ಕಡೆ ಒಬ್ಬ ಹಲಗೆ ಹಿಡಿದು ಪೊದೆಗಳ ನಡುವೆ ಓಡಿದರು. ತೆರೆಯ ಮೇಲೆ ಅದು ನೆಲಕ್ಕೆ ತಾಗುವಂತೆ ನುಗ್ಗಿ ಬರುವ ಕಾಣದ ಶಕ್ತಿಯಾಯಿತು. ದೆವ್ವವನ್ನೇ ತೋರಿಸದೆ ದೆವ್ವದ ಕಣ್ಣಿಂದ ಕಾಡನ್ನು ತೋರಿಸಿದರು. ರಕ್ತ ಅಂತ ಸುರಿದದ್ದು ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಬಣ್ಣ ಕಲಸಿದ್ದು. 1981ರಲ್ಲಿ ಬಂದ ಆ ಸಿನಿಮಾ ಹೆದರಿಸೋಕೆ ಮಾಡಿದ್ದು. 1987ರ ಎರಡನೇ ಭಾಗದಲ್ಲಿ ರೈಮಿ ನಗುವನ್ನೇ ಮುಂದಕ್ಕೆ ತಂದರು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಅದೇ ವರ್ಷ ತಮ್ಮ ಮೊದಲ ಸಿನಿಮಾ ‘ಬ್ಯಾಡ್ ಟೇಸ್ಟ್’ ಮುಗಿಸಿದ್ದರು. ನಾಲ್ಕು ವರ್ಷ, ವಾರದ ಕೊನೆಯ ರಜೆಗಳಲ್ಲಿ ಗೆಳೆಯರನ್ನು ಕಟ್ಟಿಕೊಂಡು ತೆಗೆದದ್ದು. ಮುಖವಾಡಗಳನ್ನು ಬೇಯಿಸಿದ್ದು ಅಮ್ಮನ ಅಡುಗೆಮನೆಯ ಓವನ್‌ನಲ್ಲಿ. ಆಮೇಲೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿದ್ದೂ ಇದೇ ಜಾಕ್ಸನ್.

ಈ ಬಡತನವನ್ನೇ ಕಥೆ ಮಾಡಿಕೊಂಡ ಸಿನಿಮಾ ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’. ಶಿನಿಚಿರೊ ಉಎಡಾ ಅದನ್ನು ಒಂದು ಸಿನಿಮಾ-ನಟನೆ ಶಾಲೆಯ ಕಾರ್ಯಾಗಾರದ ಭಾಗವಾಗಿ ಮಾಡಿದರು. ಖರ್ಚು 30 ಲಕ್ಷ ಯೆನ್, ಅಂದರೆ ನಮ್ಮ ಸುಮಾರು 20 ಲಕ್ಷ ರೂಪಾಯಿ. 2018ರ ಜೂನ್‌ನಲ್ಲಿ ಟೋಕಿಯೋದ ಎರಡು ಸಣ್ಣ ಥಿಯೇಟರ್‌ಗಳಲ್ಲಿ ಶುರುವಾಗಿ, ಬಾಯಿಂದ ಬಾಯಿಗೆ ಹಬ್ಬಿ, ಕೊನೆಗೆ 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಹಾಕಿದ್ದರ ಸಾವಿರ ಪಟ್ಟು.

ಮೊದಲ 37 ನಿಮಿಷ ಒಂದೇ ಶಾಟ್. ಒಂದು ಪಾಳು ಕಟ್ಟಡದಲ್ಲಿ ಜಾಂಬಿ ಸಿನಿಮಾ ತೆಗೆಯುತ್ತಿರುವವರ ಮೇಲೆ ನಿಜವಾದ ಜಾಂಬಿಗಳು ಬೀಳುತ್ತವೆ. ನೋಡುತ್ತಾ ಹೋದಂತೆ ಏನೋ ಸರಿಯಿಲ್ಲ ಅನಿಸುತ್ತದೆ. ನಟರು ಸುಮ್ನೆ ಮಾತು ಬೆಳೆಸುತ್ತಾರೆ. ಒಂದು ಕಡೆ ಕ್ಯಾಮೆರಾ ನೆಲದ ಮೇಲೆ ಬಿದ್ದು ಹಾಗೇ ಇರುತ್ತದೆ. ಇನ್ನೊಂದು ಕಡೆ ಲೆನ್ಸ್‌ಗೆ ರಕ್ತ ಚಿಮ್ಮುತ್ತದೆ, ಯಾರೋ ಕೈ ಚಾಚಿ ಒರೆಸುತ್ತಾರೆ. ಅಗ್ಗದ ಸಿನಿಮಾ, ಇಷ್ಟೇ ಇದರ ಹಣೆಬರಹ ಅಂತ ಎದ್ದು ಹೋಗುವ ಮನಸ್ಸಾಗುತ್ತದೆ. ಆಮೇಲೆ ಕಥೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ನಾವು ನೋಡಿದ್ದು ಟೀವಿಗಾಗಿ ಒಂದೇ ಶಾಟ್‌ನಲ್ಲಿ ಲೈವ್ ಆಗಿ ತೋರಿಸಿದ ಜಾಂಬಿ ಕಾರ್ಯಕ್ರಮ ಅಂತ ಗೊತ್ತಾಗುತ್ತದೆ. ಅದೇ 37 ನಿಮಿಷವನ್ನು ಕ್ಯಾಮೆರಾದ ಹಿಂದಿನಿಂದ ಮತ್ತೆ ನೋಡುತ್ತೇವೆ. ಕ್ಯಾಮೆರಾ ನೆಲದ ಮೇಲೆ ಬಿದ್ದದ್ದು ಕ್ಯಾಮೆರಾಮನ್‌ನ ಬೆನ್ನು ಹಿಡಿದುಕೊಂಡಿತ್ತು ಅಂತ. ಒಬ್ಬ ನಟ ಕುಡಿದು ಮಲಗಿದ್ದಾನೆ, ಸೌಂಡ್‌ನವನಿಗೆ ಹೊಟ್ಟೆ ಕೆಟ್ಟಿದೆ, ಆದರೂ ಲೈವ್ ನಿಲ್ಲಿಸುವಂತಿಲ್ಲ. ಕೊನೆಯ ಶಾಟ್ ಮೇಲಿನಿಂದ ತೆಗೆಯಬೇಕು, ಅಷ್ಟರಲ್ಲಿ ಕ್ರೇನ್ ಬಿದ್ದು ಒಡೆದಿದೆ. ಆಗ ಜಾಂಬಿ ವೇಷದವರು, ಟೆಕ್ನಿಷಿಯನ್‌ಗಳು, ಎಲ್ಲರೂ ಮೊಣಕಾಲೂರಿ ಒಬ್ಬರ ಬೆನ್ನ ಮೇಲೊಬ್ಬರು ನಿಂತು ಗೋಪುರ ಕಟ್ಟುತ್ತಾರೆ. ತುತ್ತತುದಿಯಲ್ಲಿ ಆ ಕಾರ್ಯಕ್ರಮದ ನಿರ್ದೇಶಕನ ಮಗಳು ಅಪ್ಪನ ಹೆಗಲೇರಿ ಕ್ಯಾಮೆರಾ ಹಿಡಿಯುತ್ತಾಳೆ.

ಮೊದಲು ತಪ್ಪು ಅನಿಸಿದ ಪ್ರತಿಯೊಂದರ ಹಿಂದೆಯೂ ಒಬ್ಬ ಮನುಷ್ಯನ ಪರದಾಟ ಇದೆ ಅಂತ ಆಗ ಗೊತ್ತಾಗುತ್ತದೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬರುತ್ತದೆ. ಸಣ್ಣ ಬಜೆಟ್‌ನ ಹಾರರ್ ಕಾಮಿಡಿ ಯಾಕೆ ಇಷ್ಟವಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಗೋಪುರವನ್ನು ತೋರಿಸುತ್ತೇನೆ.

‘ಸು ಫ್ರಮ್ ಸೋ’ಗೆ ಮತ್ತೆ ಬರೋಣ. ಅದರ ಕಥೆ ಒಂದು ಸಾಲಿನದು. ಮರ್ಲೂರು ಅನ್ನುವ ಊರಿನ ಅಶೋಕ ಒಂದು ಎಡವಟ್ಟಿನಿಂದ ತಪ್ಪಿಸಿಕೊಳ್ಳೋಕೆ ಹೋಗಿ ಮೈಮೇಲೆ ಯಾರೋ ಬಂದ ಹಾಗೆ ಆಡುತ್ತಾನೆ. ಬಂದವಳು ಸೋಮೇಶ್ವರದ ಸುಲೋಚನಾ ಅಂತ ಊರು ನಂಬುತ್ತದೆ. ಅಲ್ಲಿಂದ ಮುಂದೆ ಅಶೋಕನ ಕೈಯಲ್ಲಿ ಏನೂ ಇಲ್ಲ. ಸುದ್ದಿ ಊರಿನ ಸೊತ್ತಾಗುತ್ತದೆ. ಪ್ರತಿಯೊಬ್ಬರೂ ತಮ್ಮದೊಂದು ವಿವರ ಸೇರಿಸುತ್ತಾರೆ. ಒಬ್ಬರು ಸದ್ದು ಕೇಳಿಸಿಕೊಂಡಿದ್ದಾರೆ, ಇನ್ನೊಬ್ಬರಿಗೆ ಮೊದಲೇ ಅನುಮಾನ ಇತ್ತು. ಯಾರಿಗೂ ಸುಳ್ಳು ಹೇಳುವ ಉದ್ದೇಶವಿಲ್ಲ. ಆದರೂ ಎಲ್ಲರೂ ಸೇರಿ ಒಂದು ದೊಡ್ಡ ಸುಳ್ಳನ್ನು ಸಾಕುತ್ತಾರೆ. ಹಳ್ಳಿಯಲ್ಲಿ ಬೆಳೆದ ಯಾರಿಗೇ ಆಗಲಿ ಇದು ಕಂಡದ್ದೇ, ಅಲ್ವಾ?

ಇಲ್ಲಿ ಒಂದು ಸೂಕ್ಷ್ಮವಿದೆ. ಕರಾವಳಿಯವರಿಗೆ ದೈವ ಬೇರೆ, ಕುಲೆ ಬೇರೆ. ದೈವಕ್ಕೆ ಕೋಲ, ನೇಮ, ಕಟ್ಟುಕಟ್ಟಳೆ ಇದೆ. ಅದು ನಂಬಿಕೆಯ ವಿಷಯ, ನಗುವ ವಿಷಯ ಅಲ್ಲ. ಕುಲೆ ಅಂದರೆ ಸತ್ತವರು. ಮನೆಯವರೇ, ನೆರೆಯವರೇ. ಅವರಿಗೆ ಬಡಿಸುವ ಪದ್ಧತಿ ಇದೆ. ಚಿಕ್ಕ ವಯಸ್ಸಿನಲ್ಲಿ ತೀರಿಹೋದವರಿಗೆ ಎರಡು ಮನೆಯವರು ಕೂತು ಮಾತಾಡಿ ಮದುವೆ ಮಾಡಿಸುವ ಪದ್ಧತಿಯೂ ಇದೆ. ಸತ್ತ ಮೇಲೂ ಸಂಬಂಧ ಮುಗಿದಿಲ್ಲ ಅನ್ನುವ ಈ ನೆಲದಲ್ಲಿ ‘ಸುಲೋಚನಾ ಬಂದಿದ್ದಾಳೆ’ ಅಂದರೆ ಎಲ್ಲಿಂದಲೋ ಬಂದ ರಾಕ್ಷಸಿಯಲ್ಲ. ಪಕ್ಕದೂರಿನ ಹೆಂಗಸು. ಹಾಗಾಗಿಯೇ ಅವಳ ಹತ್ತಿರ ಮಾತಾಡಬಹುದು, ಬೈಯಬಹುದು, ಬೇಡಿಕೊಳ್ಳಬಹುದು. ಭಯದ ಜೊತೆ ಸಲಿಗೆ ಇದೆ. ಸಲಿಗೆ ಇರುವ ಕಡೆ ನಗು ಹುಟ್ಟುತ್ತದೆ.

ಆ ನಗುವನ್ನು ನಡೆಸಿಕೊಂಡು ಹೋದ ನಟರು ರಂಗಭೂಮಿಯವರು. ತುಳು ನಾಟಕ ತಂಡಗಳು ಮಳೆಗಾಲ ಬಿಟ್ಟರೆ ಉಳಿದಂತೆ ಊರೂರಿನ ಜಾತ್ರೆ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ ಅಂತ ಆಡುತ್ತಲೇ ಇರುತ್ತವೆ. ಅಲ್ಲಿ ರಾತ್ರಿ ಹನ್ನೊಂದಕ್ಕೆ ತೂಕಡಿಸುವ ಪ್ರೇಕ್ಷಕರನ್ನು ಎಬ್ಬಿಸಿ ನಗಿಸಬೇಕು. ಒಂದು ಮಾತಿನ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಎದುರಿನವನ ಮಾತಿಗೆ ಎಲ್ಲಿ ಅಡ್ಡ ಬರಬೇಕು ಅನ್ನುವುದು ಅವರ ಮೈಗೆ ಹತ್ತಿರುತ್ತದೆ. ಹಾಸ್ಯಕ್ಕೆ ಟೈಮಿಂಗ್ ಬೇಕು ಅಂತ ಎಲ್ಲರೂ ಹೇಳುತ್ತಾರೆ, ಹೆದರಿಸೋಕೂ ಅದೇ ಟೈಮಿಂಗ್ ಬೇಕು. ದೀಪ ಆರುವುದು ಅರ್ಧ ಸೆಕೆಂಡ್ ಬೇಗ ಆದರೂ ಸೀನ್ ಸತ್ತ ಹಾಗೆ. ಶನೀಲ್ ಗೌತಮ್, ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಇವರೆಲ್ಲ ಒಂದೇ ಫ್ರೇಮಿನಲ್ಲಿ ನಿಂತಾಗ ಯಾರನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ. ಮಾತಾಡುವವನಷ್ಟೇ ಹಿಂದೆ ನಿಂತು ಕೇಳುವವನೂ ಕೆಲಸ ಮಾಡುತ್ತಿರುತ್ತಾನೆ. ಒಬ್ಬ ಸ್ಟಾರ್‌ಗೆ ಕೊಡುವ ಸಂಭಾವನೆಯಲ್ಲಿ ಇಂಥ ಇಪ್ಪತ್ತು ಜನ ಸಿಗುತ್ತಾರೆ. ಆದರೆ ಇಪ್ಪತ್ತು ಜನರಿಗೂ ಪಾತ್ರ ಬರೆಯಬೇಕು. ಬರವಣಿಗೆಯಲ್ಲಿ ಅದೇ ಕಷ್ಟದ ಕೆಲಸ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ‘ರೋಮಾಂಚಂ’ ನಡೆಯುವುದು 2007ರ ಬೆಂಗಳೂರಿನಲ್ಲಿ. ಬಾಡಿಗೆ ಮನೆಯಲ್ಲಿ ಗುಂಪಾಗಿ ಇರುವ ಮಲಯಾಳಿ ಹುಡುಗರು ಬೇಜಾರು ಕಳೆಯೋಕೆ, ಸತ್ತವರನ್ನು ಕರೆಸಿ ಮಾತಾಡಿಸುವ ಓಜಾ ಬೋರ್ಡ್ ಆಡುತ್ತಾರೆ. ಕೆಲಸ ಹುಡುಕುವವರು, ಕೈಯಲ್ಲಿ ಕಾಸಿಲ್ಲದವರು, ಒಂದೇ ಬಾತ್‌ರೂಮಿಗೆ ಸಾಲು ನಿಲ್ಲುವವರು. ಬೆಂಗಳೂರಿಗೆ ಬಂದು ಬ್ಯಾಚುಲರ್ ರೂಮಿನಲ್ಲಿ ಇದ್ದ ಹಾಸನದವನಿಗೂ ಬಳ್ಳಾರಿಯವನಿಗೂ ಆ ಮನೆ ಗೊತ್ತು. ನಿರ್ದೇಶಕ ಜಿತು ಮಾಧವನ್ ಅದನ್ನು ತಮ್ಮ ಅನುಭವದಿಂದಲೇ ತೆಗೆದದ್ದು. ‘ಸ್ತ್ರೀ’ಯ ಬೇರೂ ಇಲ್ಲೇ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲ ಊರುಗಳಲ್ಲಿ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಗೊತ್ತಿದ್ದವರ ದನಿಯಲ್ಲಿ ಒಬ್ಬ ಹೆಂಗಸು ಕರೆಯುತ್ತಾಳೆ, ಬಾಗಿಲು ತೆಗೆದರೆ ಕಥೆ ಮುಗಿಯಿತು ಅನ್ನುವ ಸುದ್ದಿ. ದೆವ್ವಕ್ಕೂ ಓದೋಕೆ ಬರುತ್ತದೆ, ಓದಿ ಮರ್ಯಾದೆಯಿಂದ ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಭಯ ಮತ್ತು ತಮಾಷೆ ಎರಡೂ ಆ ಎರಡು ಪದಗಳಲ್ಲೇ ಇದ್ದವು. ಹಿಂದಿಯವರು ಅದನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ರಾತ್ರಿ ಹೊರಗೆ ಹೋಗೋಕೆ ಗಂಡಸರು ಹೆದರುತ್ತಾರೆ, ‘ಬೇಗ ಮನೆಗೆ ಬಾ’ ಅಂತ ಹೆಂಗಸರಿಂದ ಹೇಳಿಸಿಕೊಳ್ಳುತ್ತಾರೆ. ನಗುತ್ತಾ ಕೂತವರಿಗೆ ದಿನಾ ಯಾರು ಹೀಗೆ ಹೆದರಿ ಬದುಕುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಥೆ ಹುಟ್ಟಿದ್ದು ನಮ್ಮ ಗೋಡೆಗಳ ಮೇಲೆ. ನಾವು ಇಪ್ಪತ್ತು ವರ್ಷ ಅದರ ಮುಂದೆಯೇ ಓಡಾಡಿದರೂ ಅದನ್ನು ಸಿನಿಮಾ ಮಾಡಿ ಗೆದ್ದವರು ಬೇರೆಯವರು. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಈ ಬಗೆಯ ಸಿನಿಮಾಗಳ ಮೇಲೆ ದೂರುಗಳೂ ಇವೆ. ದೂರುವವರ ಮಾತಿನಲ್ಲಿ ತೂಕ ಇದೆ. ‘ಮೈಮೇಲೆ ಬರುವುದು’ ಬಹಳ ಸಲ ನಿಜ ಜೀವನದಲ್ಲಿ ಮಾನಸಿಕ ಕಾಯಿಲೆ, ಇಲ್ಲವೇ ಬೇರೆ ದಾರಿಯಿಲ್ಲದ ಹೆಂಗಸಿನ ಸಂಕಟ. ಚಿಕಿತ್ಸೆ ಸಿಗಬೇಕಾದವರಿಗೆ ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆ ಸಿಕ್ಕಿದ್ದು ನಮ್ಮ ರಾಜ್ಯದಲ್ಲೂ ನಡೆದಿದೆ. ಅದಕ್ಕೇ ಕರ್ನಾಟಕ 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅದರ ಪ್ರಕಾರ ಅಪರಾಧ. ತೆರೆಯ ಮೇಲೆ ಅದೇ ಏಟನ್ನು ತಮಾಷೆ ಅಂತ ತೋರಿಸಿದರೆ ಪ್ರಶ್ನೆ ಕೇಳಲೇಬೇಕು. ದಪ್ಪಗಿರುವವರು, ಕಪ್ಪಗಿರುವವರು, ಹೆಣ್ಣುವೇಷದ ಗಂಡಸರು, ಟ್ರಾನ್ಸ್‌ಜೆಂಡರ್ ಜನ ಇವರನ್ನೆಲ್ಲ ಸುಲಭದ ನಗುವಿಗೆ ಬಳಸಿದ ಹಾರರ್ ಕಾಮಿಡಿಗಳು ದಕ್ಷಿಣದ ಎಲ್ಲ ಭಾಷೆಗಳಲ್ಲೂ ಬಂದಿವೆ.

ನನಗೆ ಈ ಬಗೆಯ ಸಿನಿಮಾಗಳನ್ನು ಅಳೆಯೋಕೆ ಒಂದು ಪ್ರಶ್ನೆ ಸಾಕು. ನಗು ಯಾರ ಮೇಲೆ? ಹೆದರಿದ ಧೈರ್ಯವಂತನ ಮೇಲೆ, ಸುಳ್ಳನ್ನು ಸಾಕಿದ ಊರಿನ ಮೇಲೆ, ಮಾತಲ್ಲೇ ಮನೆ ಕಟ್ಟುವ ಗುರೂಜಿಯ ಮೇಲೆ ನಗುವುದಾದರೆ ಸರಿ. ಸಂಕಟದಲ್ಲಿರುವವಳ ಮೇಲೆ ನಗುವುದಾದರೆ ಸಿನಿಮಾ ಅಲ್ಲೇ ಕೆಟ್ಟಿತು. ‘ಸು ಫ್ರಮ್ ಸೋ’ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಊರೆಲ್ಲ ಆ ಹೆಸರಿಟ್ಟುಕೊಂಡು ಗದ್ದಲ ಮಾಡಿದ ಮೇಲೆ, ಸುಲೋಚನಾ ಅನ್ನುವ ನಿಜವಾದ ಹೆಂಗಸು ಇದ್ದಳು, ಅವಳಿಗೊಬ್ಬಳು ಮಗಳಿದ್ದಾಳೆ ಅಂತ ಗೊತ್ತಾಗುತ್ತದೆ. ಸಂಧ್ಯಾ ಅರಕೆರೆ ಮಾಡಿದ ಆ ಮಗಳ ಪಾತ್ರ ಬಂದ ಮೇಲೆ ಸಿನಿಮಾದ ದನಿಯೇ ಬದಲಾಗುತ್ತದೆ. ದೆವ್ವಕ್ಕೆ ಹೆದರಿದವರು ಈಗ ಬದುಕಿರುವವಳ ಕಷ್ಟವನ್ನು ನೋಡಬೇಕು. ಇಷ್ಟು ಹೊತ್ತು ನಕ್ಕ ನಮಗೂ ಅದೇ ಪಾಡು.

ಇಂಥ ಗೆಲುವಿನ ಬೆನ್ನಿಗೇ ಬರುವ ಅಪಾಯ ಎಲ್ಲರಿಗೂ ಗೊತ್ತಿರುವುದೇ. ಒಂದು ಹಾರರ್ ಕಾಮಿಡಿ ಗೆದ್ದರೆ ಗಾಂಧಿನಗರದಲ್ಲಿ ಹತ್ತು ದೆವ್ವಗಳು ಮುಹೂರ್ತ ಮಾಡಿಕೊಳ್ಳುತ್ತವೆ. ‘ಯಾಮಿರುಕ್ಕ ಭಯಮೇ’ ತಮಿಳಿನಲ್ಲಿ ಓಡಿದ ವರ್ಷವೇ, 2014ರಲ್ಲಿ, ಕನ್ನಡದಲ್ಲಿ ‘ನಮೋ ಭೂತಾತ್ಮ’ ಆಗಿ ಬಂದಿತ್ತು. ಕಥೆ ಎರವಲು ತರುವುದು ತಪ್ಪಲ್ಲ. ಆದರೆ ಈ ಬಗೆಯಲ್ಲಿ ಎರವಲು ತರಬಹುದಾದದ್ದು ದೆವ್ವ ಮಾತ್ರ. ಊರನ್ನು ತರೋಕೆ ಆಗುವುದಿಲ್ಲ. ಇನ್ನೊಂದು ದಾರಿ ಸೀಕ್ವೆಲ್. ದುಡ್ಡು ಬಂದಿದೆ, ಗ್ರಾಫಿಕ್ಸ್ ಮಾಡೋಣ, ದೊಡ್ಡ ಹೀರೋನ ಗೆಸ್ಟ್ ರೋಲ್ ಹಾಕೋಣ ಅನ್ನುವ ಆಸೆ. ‘ಸ್ತ್ರೀ 2’ 2024ರಲ್ಲಿ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಗಳಿಸಿತು ನಿಜ. ಆದರೆ ರುಂಡವೊಂದು ಹಾರಾಡುವ ಆ ಗದ್ದಲದಲ್ಲಿ ಚಂದೇರಿಯ ಓಣಿಗಳು, ಅಲ್ಲಿನ ಸೋಮಾರಿ ಮಧ್ಯಾಹ್ನಗಳು ನನಗೆ ಮೊದಲಿನಷ್ಟು ಸಿಗಲಿಲ್ಲ. ದೆವ್ವ ದೊಡ್ಡದಾದಷ್ಟೂ ಜನ ಸಣ್ಣವರಾಗುತ್ತಾರೆ.

ಐದು ಕೋಟಿ ಇಟ್ಟುಕೊಂಡು ಮುಂದಿನ ಹಾರರ್ ಕಾಮಿಡಿ ಮಾಡೋಕೆ ಹೊರಟವರು ಮತ್ತೆ ಕರಾವಳಿಗೇ ಬರಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕದ ನಟರಿದ್ದಾರೆ. ಜಾತ್ರೆಯಲ್ಲಿ ಟೆಂಟ್ ಹಾಕಿ ತಿಂಗಳುಗಟ್ಟಲೆ ಒಂದೇ ನಾಟಕ ಆಡಿ ಪ್ರೇಕ್ಷಕರ ನಾಡಿ ಹಿಡಿದವರು ಅವರು. ಮಲೆನಾಡಿನ ಒಂಟಿ ಮನೆಗಳಿವೆ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದೆ ಅಲ್ಲಿ ಹುಟ್ಟುವ ಕಥೆಗಳಿವೆ. ಹಳೇ ಮೈಸೂರಿನ ಕಡೆ ಊರ ಮುಂದಿನ ಹುಣಸೆಮರ ಒಂದೊಂದಕ್ಕೂ ಒಬ್ಬ ಮೋಹಿನಿ ಇದ್ದಾಳೆ, ಅವಳನ್ನು ಕಂಡೆ ಅನ್ನುವ ಒಬ್ಬ ಮಾವನೂ ಇದ್ದಾನೆ. ಆ ಮಾವನ ಮಾತು ಕೇಳೋಕೆ ಬರಹಗಾರನನ್ನು ಆರು ತಿಂಗಳು ಆ ಊರಿನಲ್ಲೇ ಇರಿಸಿ, ಸಂಬಳ ಕೊಟ್ಟು ಬರೆಸಿದರೂ ಗ್ರಾಫಿಕ್ಸ್ ಖರ್ಚಿಗಿಂತ ಅದು ಹೆಚ್ಚಾಗುವುದಿಲ್ಲ.